ರಾಮನ್, ಭಾಭಾ, ಸಾರಾಭಾಯ್ ಮಂಗಳೂರಿನ ಬಂದರಿನಲ್ಲಿ: ನಿಜ ವಿಜ್ಞಾನಿಗಳ ಪರ್ಯಾಯ ಇತಿಹಾಸವನ್ನು ಕಾಮಿಕ್ಸ್ ಮಾಡುವುದು ಹೇಗೆ?

ನೀವು ಕೇಳಿದ್ದು ಇಷ್ಟು: 16 ಪುಟದ ಕನ್ನಡ ಕಾಮಿಕ್ಸ್, "1946ರಲ್ಲೇ ಮಂಗಳೂರಿನಿಂದ ರಾಕೆಟ್ ಹಾರಿದ್ದರೆ?" ಎಂಬ ಕಥೆ. ಸಿ.ವಿ. ರಾಮನ್, ಹೋಮಿ ಭಾಭಾ, ವಿಕ್ರಮ್ ಸಾರಾಭಾಯ್, ಮುಂದೆ ಇಸ್ರೋ ಅಧ್ಯಕ್ಷರಾದ ಯು.ಆರ್. ರಾವ್ ನಾಲ್ವರೂ ಬೇಕು, ಕೊನೆಗೆ ಉಪಗ್ರಹ ಮೇಲೇರಬೇಕು. ಎಲ್ಲಿಂದ ಶುರು ಮಾಡುವುದು, ಎಲ್ಲಿ ಎಡವುತ್ತೇವೆ?

ಉಪಗ್ರಹದ ಆಸೆಯನ್ನು ಮೊದಲೇ ಬಿಡಿ ಮಾರಾಯ್ರೆ. ಆ ಕಾಲದಲ್ಲಿ ಕೈಗೆ ಸಿಗಬಹುದಾಗಿದ್ದ ದೊಡ್ಡ ರಾಕೆಟ್ ಎಂದರೆ ಜರ್ಮನರ ವಿ-2. ಅದರ ಗರಿಷ್ಠ ವೇಗ ಸೆಕೆಂಡಿಗೆ ಸುಮಾರು 1.6 ಕಿ.ಮೀ. ಭೂಮಿಯನ್ನು ಸುತ್ತಲು ಬೇಕಾದದ್ದು 7.8. ವೇಗ ಹೆಚ್ಚುಕಡಿಮೆ ಐದು ಪಟ್ಟು, ಅಂದರೆ ಶಕ್ತಿ ಇಪ್ಪತ್ತನಾಲ್ಕು ಪಟ್ಟು. ಮೇಲಾಗಿ ನಮ್ಮ ಊರಿರುವುದು ಪಶ್ಚಿಮ ಕರಾವಳಿಯಲ್ಲಿ. ಭೂಮಿ ತಿರುಗುವುದರಿಂದ ಇಲ್ಲಿ ಸೆಕೆಂಡಿಗೆ ಸುಮಾರು 450 ಮೀಟರ್ ವೇಗ ಪುಕ್ಕಟೆ ಸಿಗುತ್ತದೆ, ಆದರೆ ಪೂರ್ವಕ್ಕೆ ಹಾರಿಸಿದರೆ ಮಾತ್ರ. ಹಾಗೆ ಹಾರಿಸಿದರೆ ಕಳಚಿದ ಹಂತ ಹೋಗಿ ಬೀಳುವುದು ಚಾರ್ಮಾಡಿಯಾಚೆ ಯಾರದೋ ಕಾಫಿ ತೋಟಕ್ಕೆ. ಪಶ್ಚಿಮಕ್ಕೆ ಹಾರಿಸಿದರೆ ಆ 450 ಸಿಗದಿರುವುದಷ್ಟೇ ಅಲ್ಲ, ಅಷ್ಟೇ ದಂಡವನ್ನೂ ಕಟ್ಟಬೇಕು. ಶ್ರೀಹರಿಕೋಟ ಪೂರ್ವದ ಕಡಲಲ್ಲಿ ಇರುವುದಕ್ಕೆ ಇದೇ ದೊಡ್ಡ ಕಾರಣ. ಹಾಗಾಗಿ ನಿಮ್ಮ ರಾಕೆಟ್ ನೆಟ್ಟಗೆ ಮೇಲೆ ಹೋಗಿ ಅರಬ್ಬೀ ಸಮುದ್ರಕ್ಕೆ ಬೀಳಲಿ. 1944ರ ಜೂನ್‌ನಲ್ಲಿ ಹಾಗೆ ಬಿಟ್ಟ ಒಂದು ವಿ-2 170 ಕಿ.ಮೀ. ದಾಟಿತ್ತು. ಕಥೆಗೆ ಅಷ್ಟು ಎತ್ತರ ಧಾರಾಳ ಸಾಕು.

ಇನ್ನು ಮುಖ್ಯ ವಿಷಯ. ತಾಳಮದ್ದಳೆಯಲ್ಲಿ, ಅಂದರೆ ವೇಷ ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನದಲ್ಲಿ, ಹಾಡುವ ಭಾಗವತರ ಪದ್ಯ ಬದಲಾಗುವುದಿಲ್ಲ. ಪಾತ್ರವಾಗಿ ಮಾತಾಡುವ ಅರ್ಥಧಾರಿ ಮಾತಿನಲ್ಲಿ ಎಷ್ಟು ದೂರ ಬೇಕಾದರೂ ಹೋಗಿ ಬರಬಹುದು. ನಿಮ್ಮ ಕೆಲಸ ಅದಕ್ಕೆ ಉಲ್ಟಾ. ಪ್ರಸಂಗವನ್ನೇ ಒಂದು ಕಡೆ ತಿರುಗಿಸುತ್ತೀರಿ, ಪಾತ್ರದ ಸ್ವಭಾವವನ್ನು ಮುಟ್ಟುವ ಹಾಗಿಲ್ಲ. ಕರ್ಣ ಯುದ್ಧದಲ್ಲಿ ಬದುಕಿ ಉಳಿಯಲಿ, ಅಡ್ಡಿಯಿಲ್ಲ. ಕವಚ ಕೇಳಿದವನಿಗೆ ಇಲ್ಲ ಎನ್ನುವ ಕರ್ಣನನ್ನು ತಂದರೆ ಸಭೆ ಎದ್ದು ಹೋಗುತ್ತದೆ. ಈ ಬಗೆಯ ಕಾಮಿಕ್ಸ್ ಹೆಚ್ಚಾಗಿ ಸೋಲುವುದು ಇಲ್ಲೇ. ವಿಜ್ಞಾನಿಯ ಹೆಸರು, ಮೂಗು, ಪೇಟ ಮಾತ್ರ ಉಳಿದು, ಒಳಗೆ ಕೋವಿ ಹಿಡಿದ ಯಾವನೋ ಹೀರೋ ಇರುತ್ತಾನೆ.

ತಿರುಗಿಸುವುದೂ ಒಂದೇ ಕಡೆ. ನಿಮ್ಮ ಕಥೆಗೆ ಹೊಂದುವ ತಿರುವು ಒಂದುಂಟು. ಯುದ್ಧ ಮುಗಿದ ಮೇಲೆ, 1945ರ ಅಕ್ಟೋಬರ್‌ನಲ್ಲಿ, ಬ್ರಿಟಿಷರು ಜರ್ಮನಿಯ ಕುಕ್ಸ್‌ಹಾಫೆನ್‌ನಲ್ಲಿ ವಶಪಡಿಸಿಕೊಂಡ ವಿ-2ಗಳಲ್ಲಿ ಮೂರನ್ನು ಹಾರಿಸಿ ನೋಡಿದರು. ಇಲ್ಲಿಯವರೆಗೆ ನಿಜ. ಉಳಿದ ಬಿಡಿಭಾಗಗಳ ಒಂದು ಜೊತೆಯನ್ನು ಇಂಡಿಯಾಕ್ಕೆ ಕಳಿಸಿ ಎಂದು ಮ್ಯಾಂಚೆಸ್ಟರಿನ ಪ್ಯಾಟ್ರಿಕ್ ಬ್ಲ್ಯಾಕೆಟ್ ಪತ್ರ ಬರೆದು, ಅದಕ್ಕೆ ಒಪ್ಪಿಗೆ ಸಿಕ್ಕಿತು ಎನ್ನುವುದು ನಿಮ್ಮ ಕಲ್ಪನೆ. ಬ್ಲ್ಯಾಕೆಟ್ ಕಾಸ್ಮಿಕ್ ಕಿರಣಗಳ, ಅಂದರೆ ಬಾಹ್ಯಾಕಾಶದಿಂದ ಬರುವ ಅತಿ ವೇಗದ ಕಣಗಳ ತಜ್ಞ, ಆದ್ದರಿಂದ ಕೇಳುವುದು ಸಹಜ. ಕೇಳಲು ವೈಜ್ಞಾನಿಕ ಕಾರಣವೂ ಗಟ್ಟಿ ಇದೆ. ಭೂಮಿಯ ಕಾಂತಕ್ಷೇತ್ರ ಕಡಿಮೆ ಶಕ್ತಿಯ ಕಾಸ್ಮಿಕ್ ಕಿರಣಗಳನ್ನು ಅಡ್ಡ ತಿರುಗಿಸುತ್ತದೆ. ಕಾಂತ ಸಮಭಾಜಕದ ಹತ್ತಿರ, ಅಂದರೆ ದಕ್ಷಿಣ ಭಾರತದಲ್ಲಿ, ಭಾರೀ ಶಕ್ತಿಯವು ಮಾತ್ರ ಕೆಳಗೆ ಬರುತ್ತವೆ. ಅಮೆರಿಕನ್ನರು 1946ರಿಂದ ನ್ಯೂ ಮೆಕ್ಸಿಕೋದ ಮರುಭೂಮಿಯಲ್ಲಿ ವಿ-2 ಹಾರಿಸಿ ಅಳೆದರೂ ಈ ಅಳತೆ ಅವರಿಗೆ ಅಲ್ಲಿ ಸಿಗುವಂಥದ್ದಲ್ಲ.

ಈಗ ಯಾರು ಎಲ್ಲಿದ್ದರು ನೋಡಿ. ಹಡಗು 1946ರ ನವೆಂಬರ್‌ನಲ್ಲಿ ಬರಲಿ. ಮಳೆಗಾಲದಲ್ಲಿ ಹಾಯಿಹಡಗುಗಳಿಗೆ ನಮ್ಮ ಬಂದರು ಮುಚ್ಚಿರುತ್ತಿತ್ತು. ಅಕ್ಟೋಬರಿನಿಂದ ಮೇ ಒಳಗೆ ಎಲ್ಲ ಮುಗಿಯಬೇಕು. ರಾಮನ್‌ಗೆ ಆಗ 58, ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರು. ಅವರು ಘಾಟಿ ರಸ್ತೆ ಇಳಿದು ಬರಲಿ. ಹಾಸನದಿಂದ ಮಂಗಳೂರಿಗೆ ರೈಲು ಬಂದದ್ದು 1979ರಲ್ಲಿ. ಭಾಭಾಗೆ 37, ಅವರ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ಅದೇ ವರ್ಷ ಮುಂಬಯಿಗೆ ಹೋಗಿತ್ತು, ಆದ್ದರಿಂದ ಅವರು ಬರುವುದು ಕರಾವಳಿಯ ಸ್ಟೀಮರಿನಲ್ಲಿ. 27ರ ಸಾರಾಭಾಯ್ ಆಗ ಇದ್ದದ್ದು ಕೇಂಬ್ರಿಜ್‌ನಲ್ಲಿ, ಡಾಕ್ಟರೇಟ್ ಮುಗಿಸುತ್ತ. ಅವರನ್ನು ಹಡಗಿನ ಜೊತೆಗೇ ಕಳಿಸಿಬಿಡಿ. ಮೂವರು ಮೂರು ದಾರಿಯಲ್ಲಿ ಬರುವುದನ್ನು ಮೂರೇ ಚೌಕಟ್ಟಿನಲ್ಲಿ ತೋರಿಸಬಹುದು. ರಾವ್ ಹುಟ್ಟಿದ್ದು 1932ರ ಮಾರ್ಚ್‌ನಲ್ಲಿ, ಉಡುಪಿ ಹತ್ತಿರದ ಅದಮಾರಿನಲ್ಲಿ. ಆಗ ಹದಿನಾಲ್ಕರ ಹುಡುಗ. ಅವನ ಕೈಯಲ್ಲಿ ರಾಕೆಟ್ ರಿಪೇರಿ ಮಾಡಿಸಬೇಡಿ ದಯವಿಟ್ಟು. ಒಂದು ಚೌಕಟ್ಟಿನ ಹಿಂಬದಿಯಲ್ಲಿ ಹೆಸರು ಹೇಳದೆ, ಆಕಾಶ ನೋಡುತ್ತ ನಿಂತ ಹುಡುಗನಾಗಿ ಇರಲಿ. ಗೊತ್ತಿದ್ದವರಿಗೆ ಗೊತ್ತಾಗುತ್ತದೆ.

ಊರನ್ನು ಬಿಡಿಸುವಾಗ ಎಚ್ಚರ ಇನ್ನೂ ಜಾಸ್ತಿ ಬೇಕು, ಓದುವವರಲ್ಲಿ ಊರಿನವರೇ ಹೆಚ್ಚು. ಅದು ಮದ್ರಾಸ್ ಪ್ರೆಸಿಡೆನ್ಸಿಯ ದಕ್ಷಿಣ ಕನ್ನಡ ಜಿಲ್ಲೆ, ಮೈಸೂರಿಗೆ ಸೇರಿದ್ದಲ್ಲ. ಬಜ್ಪೆಯಲ್ಲಿ ವಿಮಾನ ಇಳಿದದ್ದು 1951ರಲ್ಲಿ. ಪಣಂಬೂರಿನ ಹೊಸ ಬಂದರು 1974ರದ್ದು, ಆದ್ದರಿಂದ ಕ್ರೇನು ಬೇಡ. ಆಗ ಅದು ಬರೀ ಮರಳ ದಂಡೆ, ರಾಕೆಟ್ ನಿಲ್ಲಿಸಲು ಪ್ರಶಸ್ತ ಜಾಗ. ಹಳೆ ಬಂದರಿನ ಅಳಿವೆಯಲ್ಲಿ ನೀರು ಕಡಿಮೆ, ದೊಡ್ಡ ಹಡಗು ಹೊರಗೇ ಲಂಗರು ಹಾಕುತ್ತಿತ್ತು. ಸಾಮಾನು ದಡಕ್ಕೆ ಬರುವುದು ಚಿಕ್ಕ ದೋಣಿಗಳಲ್ಲಿ, ಮಂಜಿ ಎಂಬ ಮರದ ಸರಕು ಹಾಯಿದೋಣಿಗಳಲ್ಲಿ. ವಿ-2 ಉದ್ದ 14 ಮೀಟರ್, ದಪ್ಪ 1.65 ಮೀಟರ್, ಖಾಲಿ ತೂಕ ಸುಮಾರು 4 ಟನ್. ಎರಡು ಮಂಜಿಗಳನ್ನು ಅಡ್ಡ ಮರ ಹಾಕಿ ಜೋಡಿಸಿ, ಮೇಲೆ ಹಸಿ ಗೋಣಿ ಹೊದೆಸಿದ ರಾಕೆಟ್ಟನ್ನು ಮಲಗಿಸಿ, ಉಬ್ಬರದ ಹೊತ್ತು ನೋಡಿ ಅಳಿವೆ ದಾಟಿಸುವ ದೃಶ್ಯ ಇಡೀ ಪುಸ್ತಕದ ಅತ್ಯುತ್ತಮ ಚಿತ್ರ ಆಗಬಹುದು. ಅದನ್ನು 8-9ನೇ ಪುಟಕ್ಕೆ ಇಡಿ. ಪಿನ್ ಹೊಡೆದ 16 ಪುಟದಲ್ಲಿ ಎರಡು ಪುಟ ಸೇರಿ ಒಂದೇ ಹಾಳೆಯಾಗಿ ಅಚ್ಚಾಗುವುದು ಆ ನಡುವಿನ ಜೋಡಿ ಮಾತ್ರ. ಬೇರೆ ಕಡೆ ಹಾಕಿದರೆ ಮಂಜಿಯ ಎರಡು ತುಂಡು ಒಂದಕ್ಕೊಂದು ಕೂಡುವುದಿಲ್ಲ.

ಮುಂದಿನದ್ದು ಸಂಘರ್ಷ. ವಿಲನ್‌ಗಾಗಿ ಗೂಢಚಾರರನ್ನು ಹುಡುಕುವುದು ಬೇಡ. ವಿ-2ರ ಇಂಧನ 75 ಪಾಲು ಎಥನಾಲ್, 25 ಪಾಲು ನೀರು. ಒಂದು ಹಾರಾಟಕ್ಕೆ ಸುಮಾರು 3.8 ಟನ್. ಜೊತೆಗೆ ಸುಮಾರು 4.9 ಟನ್ ದ್ರವ ಆಮ್ಲಜನಕ. ಗುತ್ತಿಗೆದಾರ ಲಾಭದಾಸೆಗೆ ಎಥನಾಲ್ ಬದಲು ಮೆಥನಾಲ್ ಬೆರೆಸಿದ ಸ್ಪಿರಿಟ್ ಕಳಿಸುತ್ತಾನೆ ಎಂದಿಟ್ಟುಕೊಳ್ಳಿ. ಸಾಂದ್ರತೆ ಅಳೆಯುವ ಅಬ್ಕಾರಿಯವರ ಹೈಡ್ರೋಮೀಟರ್ ಇದನ್ನು ಹಿಡಿಯುವುದಿಲ್ಲ, ಯಾಕೆಂದರೆ ನೀರು ಬೆರೆತ ಎರಡರ ಸಾಂದ್ರತೆಯೂ 0.86ರ ಆಸುಪಾಸು. ಆದರೆ ಮೆಥನಾಲ್ ಉರಿದರೆ ಸಿಗುವ ಶಾಖ ಎಥನಾಲಿನ ಮುಕ್ಕಾಲು ಪಾಲು ಮಾತ್ರ, ರಾಕೆಟ್ ಅಂದುಕೊಂಡ ಎತ್ತರ ಮುಟ್ಟುವುದಿಲ್ಲ. ಹಿಡಿಯುವವರು ಯಾರು? ರಾಮನ್. ಅವರದೇ ರಾಮನ್ ಪರಿಣಾಮದಿಂದ: ದ್ರವದಲ್ಲಿ ಚದುರಿದ ಬೆಳಕಿನ ಸ್ವಲ್ಪ ಭಾಗದ ಬಣ್ಣ ಆ ದ್ರವದ ಅಣುವಿಗೆ ತಕ್ಕಂತೆ ಬದಲಾಗುತ್ತದೆ. ಪಾದರಸ ದೀಪದ 435.8 ನ್ಯಾನೋಮೀಟರ್ ನೀಲಿ ಬೆಳಕು ಎಥನಾಲಿನಲ್ಲಿ ಚದುರಿದಾಗ ಒಂದು ಗೆರೆ ಸುಮಾರು 453ರಲ್ಲಿ ಎದ್ದು ಕಾಣುತ್ತದೆ. ಮೆಥನಾಲಿನ ಗೆರೆ ಸುಮಾರು 456ರಲ್ಲಿ. ಬೆಳಕನ್ನು ಬಣ್ಣಗಳಾಗಿ ಬಿಡಿಸಿ ಫೋಟೋ ಹಿಡಿಯುವ ಚಿಕ್ಕ ಸ್ಪೆಕ್ಟ್ರೋಗ್ರಾಫ್, ಗಾಜಿನ ಫೋಟೋ ಪ್ಲೇಟು, ರಾತ್ರಿಯಿಡೀ ಎಕ್ಸ್‌ಪೋಷರ್. ಇದನ್ನು ಆರು ಚೌಕಟ್ಟಿನಲ್ಲಿ, ಮಾತು ಕಡಿಮೆ ಮಾಡಿ ಬಿಡಿಸಿ: ಪೀಪಾಯಿ, ತೇಲುವ ಹೈಡ್ರೋಮೀಟರ್, ತಲೆಯಾಡಿಸುವ ಅಧಿಕಾರಿ, ಕಪ್ಪು ಬಟ್ಟೆ ಸುತ್ತಿದ ಗಾಜಿನ ಕೊಳವೆ, ಕೆಂಪು ದೀಪದ ಕತ್ತಲೆ ಕೋಣೆ, ಕೊನೆಗೆ ಭೂತಗನ್ನಡಿಯ ಕೆಳಗೆ ಎರಡು ತೆಳು ಗೆರೆ. ಲೇಸರ್ ಕಿರಣ ಎಳೆದಿರೋ, ಕೆಟ್ಟಿತು. ಲೇಸರ್ ಬಂದದ್ದು 1960ರಲ್ಲಿ. ಸ್ಪಿರಿಟ್ ಕೊಳೆಯಾಗಿದ್ದರೆ ಅದೇ ಮಿನುಗಿ ಗೆರೆಗಳು ಮುಳುಗುತ್ತವೆ, ಹಾಗಾಗಿ ಮೊದಲು ಭಟ್ಟಿ ಇಳಿಸಿ ಶುದ್ಧ ಮಾಡಬೇಕು. ಮೊದಲ ಪ್ಲೇಟು ಹೀಗೆ ಹಾಳಾಗಿ ಒಂದು ರಾತ್ರಿ ವ್ಯರ್ಥವಾಗುವುದೂ ಕಥೆಗೆ ಒಳ್ಳೆಯದೇ.

ರಾಮನ್‌ರಿಗೆ ಕಡಿಮೆ ಖರ್ಚಿನ ಉಪಕರಣದ ಮೇಲೆ ಅಭಿಮಾನ, ಭಾಭಾರದ್ದು ದೊಡ್ಡ ಸಂಸ್ಥೆ ಕಟ್ಟುವ ದಾರಿ. ಇಬ್ಬರ ಜಗಳಕ್ಕೆ ಇಷ್ಟು ಸಾಕು, ಒಬ್ಬರನ್ನು ಕೆಟ್ಟವರನ್ನಾಗಿ ಮಾಡುವ ಅಗತ್ಯವಿಲ್ಲ. ರಾಮನ್ 1921ರ ಹಡಗು ಪ್ರಯಾಣದಲ್ಲಿ ನಿಕೋಲ್ ಪ್ರಿಸಮ್ (ಬೆಳಕಿನ ಧ್ರುವೀಕರಣ ನೋಡುವ ಹರಳು) ಹಿಡಿದು ಕಡಲ ನೀಲಿಯನ್ನು ಪರೀಕ್ಷಿಸಿದವರು. ಎಲ್ಲರೂ ರಾಕೆಟ್ ನೋಡುತ್ತಿರುವಾಗ ಅವರೊಬ್ಬರು ಪ್ರಿಸಮ್ ಕಣ್ಣಿಗಿಟ್ಟು ಸಮುದ್ರ ನೋಡುತ್ತಿದ್ದರೆ ಪಾತ್ರ ಅಲ್ಲೇ ನಿಂತಿತು.

ರಾಕೆಟ್ಟೂ ಸುಲಭದಲ್ಲಿ ಏಳಬಾರದು. ಹೆಚ್ಚು ದಿನ ದಾಸ್ತಾನಿಟ್ಟ ವಿ-2ಗಳು ಕೆಡುತ್ತವೆ ಎಂದು ಜರ್ಮನರೇ ಕಂಡುಕೊಂಡಿದ್ದರು. ಇಲ್ಲಿಯ ಉಪ್ಪುಗಾಳಿಗೆ ರಿಲೇಗಳ ಬಾಯಿ ಹಸಿರುಗಟ್ಟದೆ ಇರುತ್ತದೆಯೇ? ಆಮ್ಲಜನಕ ಮೈನಸ್ 183 ಡಿಗ್ರಿಯಲ್ಲಿರುವುದರಿಂದ ಟ್ಯಾಂಕಿನ ಹೊರಮೈಗೆ ಮಂಜು ಕಟ್ಟುತ್ತದೆ, ನಮ್ಮ ಸೆಕೆಗೆ ಅದು ಕರಗಿ ಸುರಿಯುತ್ತಲೇ ಇರುತ್ತದೆ. ತಡವಾದಷ್ಟೂ ಆಮ್ಲಜನಕ ಆವಿಯಾಗಿ ನಷ್ಟ. ಅದನ್ನು ತಯಾರಿಸುವ ಯಂತ್ರವೂ ಅದೇ ಹಡಗಿನಲ್ಲಿ ಬಂತೆಂದು ಒಂದು ಚೌಕಟ್ಟಿನಲ್ಲಿ ತೋರಿಸಿ, ಇಲ್ಲದಿದ್ದರೆ ಯಾರಾದರೂ ಕೇಳುತ್ತಾರೆ. ಎಂಜಿನ್ ಹೊತ್ತಿದ ಕೂಡಲೇ ಹಾರುವುದಿಲ್ಲ. ಮೊದಲ ಕೆಲವು ಸೆಕೆಂಡು ತೂಕಕ್ಕಿಂತ ಕಡಿಮೆ ನೂಕುಬಲದಲ್ಲಿ ಸುಮ್ಮನೆ ಉರಿಯುತ್ತದೆ, ಟರ್ಬೈನ್ ಪಂಪು ತಿರುಗಿದ ಮೇಲೆ 25 ಟನ್ ಸಿಕ್ಕಿ ಏಳುತ್ತದೆ. 13ನೇ ಪುಟದ ಕೊನೆಗೆ ಆ ಸುಮ್ಮನೆ ಉರಿಯುವ ಕ್ಷಣ, ಪುಟ ಮಗುಚಿದರೆ 14ರಲ್ಲಿ ಹಾರಾಟ. ಬಲಬದಿಯ ಪುಟ ಯಾವಾಗಲೂ ಬೆಸ ಸಂಖ್ಯೆ, ಹಾಗಾಗಿ ಅಚ್ಚರಿಯೆಲ್ಲ ಸಮ ಸಂಖ್ಯೆಯ ಪುಟದ ತಲೆಗೇ ಬೀಳಬೇಕು. ರಾಕೆಟ್ಟಿನ ಮೂತಿಯೊಳಗೆ ಕಾಸ್ಮಿಕ್ ಕಿರಣ ಎಣಿಸಲು ಸಾಲಾಗಿ ಮೂರು ಗೈಗರ್ ಕೊಳವೆ, ವಾಲ್ವ್ ರೇಡಿಯೋ ಇರಲಿ. ಟ್ರಾನ್ಸಿಸ್ಟರ್ ಹುಟ್ಟಿದ್ದು 1947ರ ಡಿಸೆಂಬರ್‌ನಲ್ಲಿ.

ಮಾತಿನ ವಿಷಯದಲ್ಲಿ ನನ್ನ ಅಭಿಪ್ರಾಯ: ಮೂವರು ವಿಜ್ಞಾನಿಗಳಿಗೂ ನೇರವಾದ ಸರಳ ಗ್ರಂಥಗನ್ನಡ ಕೊಡಿ. ರಾಮನ್‌ಗೆ ತಮಿಳು ಎಳೆತ, ಭಾಭಾಗೆ ಪಾರ್ಸಿ ತೊದಲು ಕೊಟ್ಟರೆ ನಾಟಕದ ಹಾಸ್ಯಗಾರ ಆಗುತ್ತಾರೆ. ಮಂಜಿಯವರು, ಬಂದರಿನ ಕೂಲಿಗಳು ತುಳುವಿನಲ್ಲೂ ಬ್ಯಾರಿಯಲ್ಲೂ ಮಾತಾಡಲಿ, ಕೆಳಗೆ ಚಿಕ್ಕದಾಗಿ ಕನ್ನಡ ಇರಲಿ. ನಮ್ಮ ಶಬ್ದಗಳು ಉದ್ದ. "ತೆಗೆದುಕೊಂಡುಹೋಗಬೇಕಾಗಿತ್ತಲ್ಲ" ಎಂಬುದು ಒಂದೇ ಸಾಲನ್ನು ತಿಂದುಹಾಕುತ್ತದೆ. ಮಾತಿನ ಬಲೂನು ಅಗಲವಾಗಿರಲಿ, ಒಂದರಲ್ಲಿ 12-15 ಪದಕ್ಕಿಂತ ಹೆಚ್ಚು ಬೇಡ. ಎ5 ಗಾತ್ರಕ್ಕೆ ಅಕ್ಷರ 9 ಪಾಯಿಂಟ್, ಸಾಲಿನ ಅಂತರ 13. ಇದಕ್ಕಿಂತ ಬಿಗಿಯಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಾಗುತ್ತದೆ. ಒತ್ತಿ ಹೇಳಲು ದಪ್ಪಕ್ಷರ ಸಾಕು, ಓರೆ ಮಾಡಿದ ಕನ್ನಡ ಕಣ್ಣಿಗೆ ಹಿತವಲ್ಲ. ಫೋಟೋಶಾಪಿನಲ್ಲಿ ಒತ್ತು ಒಡೆದು ಬಂದರೆ ಟೈಪ್ ಆಯ್ಕೆಗಳಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ವಿನ್ಯಾಸ ಹಾಕಿ. ಇಂಕ್‌ಸ್ಕೇಪಿನಲ್ಲಿ ಈ ತೊಂದರೆ ಇಲ್ಲ. ಪರೀಕ್ಷೆಗೆ "ಸ್ಪೆಕ್ಟ್ರೋಗ್ರಾಫ್" ಎಂದು ಟೈಪ್ ಮಾಡಿ ನೋಡಿ, ಅದು ಸರಿ ಬಂದರೆ ಉಳಿದದ್ದೂ ಬರುತ್ತದೆ.

ಕಾನೂನು ಚುಟುಕಾಗಿ. ತೀರಿಹೋದವರ ಮಾನಹಾನಿಯೂ, ಮನೆಯವರ ಮನಸ್ಸು ನೋಯಿಸುವ ಉದ್ದೇಶವಿದ್ದರೆ, ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ನಿಗೆ ಬರುತ್ತದೆ. ಆದ್ದರಿಂದ ಕಳ್ಳತನ, ಲಂಚ, ಖಾಸಗಿ ಬದುಕು ಇತ್ಯಾದಿಯನ್ನು ಕಾಲ್ಪನಿಕ ಪಾತ್ರಗಳಿಗೇ ಬಿಡಿ. ಫೋಟೋದ ಹಕ್ಕು ಈಗ ಸಾಮಾನ್ಯವಾಗಿ ಅದನ್ನು ತೆಗೆದವರು ತೀರಿಹೋಗಿ 60 ವರ್ಷದವರೆಗೆ ಇರುತ್ತದೆ. ನಾಲ್ಕೈದು ಫೋಟೋ ನೋಡಿಕೊಂಡು ನಿಮ್ಮ ಕೈಯಲ್ಲಿ ಬಿಡಿಸಿ, ಒಂದನ್ನೇ ಟ್ರೇಸ್ ಮಾಡಬೇಡಿ. ಭಾರತದ ನಕ್ಷೆ ಸರ್ವೆ ಇಲಾಖೆಯ ನಕ್ಷೆಗೆ ಹೊಂದದಿದ್ದರೆ ಆರು ತಿಂಗಳವರೆಗೆ ಸಜೆ ಆಗಬಹುದು. ಪರ್ಯಾಯ ಇತಿಹಾಸದವರು ಜಾರುವ ಜಾಗ ಇದು. ಕಾರವಾರದಿಂದ ಕಾಸರಗೋಡಿನವರೆಗಿನ ಕರಾವಳಿ ಗೆರೆ ಮಾತ್ರ ಎಳೆದರೆ ನಿಮ್ಮ ಕಥೆಗೆ ಸಾಕು. 16ನೇ ಪುಟವನ್ನು ಯಾವುದು ನಿಜ, ಯಾವುದು ಕಟ್ಟಿದ್ದು ಎಂದು ತಿಳಿಸಲು ಇಡಿ. ಬ್ಲ್ಯಾಕೆಟ್ ಪತ್ರ ಕಲ್ಪನೆ ಎಂದು ಅಲ್ಲಿ ಬರೆಯದಿದ್ದರೆ ನಾಳೆ ಅದೇ ವಾಟ್ಸಾಪಿನಲ್ಲಿ ಇತಿಹಾಸವಾಗಿ ತಿರುಗುತ್ತದೆ.

ಅಚ್ಚಿಗೆ: ಕಪ್ಪುಬಿಳುಪು ಗೆರೆಚಿತ್ರ 600 ಡಿಪಿಐ, ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸಿ ಹೋಗುವ ಹೆಚ್ಚುವರಿ ಅಂಚು), ಅಕ್ಷರ ಅಂಚಿನಿಂದ ಕನಿಷ್ಠ 8 ಮಿ.ಮೀ. ಒಳಗೆ. ಬಣ್ಣದ ಪುಟವಿದ್ದರೆ ಅಕ್ಷರಗಳು ಬರೀ ಕಪ್ಪು ಶಾಯಿಯಲ್ಲಿರಲಿ. ನಾಲ್ಕು ಬಣ್ಣ ಸೇರಿಸಿ ಕಪ್ಪು ಮಾಡಿದರೆ, ಪ್ಲೇಟು ಕೂದಲಷ್ಟು ಸರಿದರೂ ಒತ್ತಕ್ಷರದ ಸುತ್ತ ಕೆಂಪು ನೀಲಿ ನೆರಳು ಬರುತ್ತದೆ. ಪಿಡಿಎಫ್ ಕೊಡುವ ಮುಂಚೆ ಅಕ್ಷರವನ್ನೆಲ್ಲ ಕರ್ವ್ ಮಾಡಿ, ಅಂದರೆ ಫಾಂಟ್ ಬೇಡದ ಗೆರೆಚಿತ್ರವಾಗಿಸಿ; ಪ್ರೆಸ್ಸಿನ ಕಂಪ್ಯೂಟರಿನಲ್ಲಿ ನುಡಿ ಫಾಂಟ್ ಮಾತ್ರ ಇದ್ದು ನಿಮ್ಮ ಯುನಿಕೋಡ್ ಚೆಲ್ಲಾಪಿಲ್ಲಿಯಾಗುವುದು ಸಾಮಾನ್ಯ. ಒಂದು ಪ್ರೂಫ್ ತೆಗೆಸಿ, ಮಡಚಿ, ಪಿನ್ ಹೊಡೆಸಿ ನೋಡಿ. ಮಂಜಿಯ ಮೇಲೆ ಮಲಗಿದ ರಾಕೆಟ್ಟಿನ ಹೊಟ್ಟೆಗೇ ಪಿನ್ ಚುಚ್ಚಿದ್ದರೆ ಚಿತ್ರವನ್ನು ಒಂದು ಬೆರಳಷ್ಟು ಮೇಲೆ ಸರಿಸಿ ಮತ್ತೆ ಕಳಿಸಿ.