ಸೈಟ್ ಬಂದ್ ಮಾಡಬೇಡಿ, ಬಿಲ್ ಕಳಿಸಿ

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: 'ಸೀರೆ ಅಂಗಡಿಯೊಂದಕ್ಕೆ ಐದು ಪುಟದ ವೆಬ್‌ಸೈಟ್ ಅಂತ ಮಾತಾಗಿತ್ತು. ಕೆಲಸ ಮುಗಿಸಿದ ಮೇಲೆ ಮಾಲೀಕರು ಆನ್‌ಲೈನ್ ಮಾರಾಟವೂ ಬೇಕು ಅಂದರು. ಅದಾಗುವವರೆಗೆ ಬಾಕಿ ಅರ್ಧ ದುಡ್ಡು ಕೊಡುವುದಿಲ್ಲವಂತೆ. ಪಾಸ್‌ವರ್ಡ್ ನನ್ನ ಹತ್ತಿರವೇ ಇದೆ. ಸೈಟ್ ಬಂದ್ ಮಾಡಿಬಿಡಲೇ?'

ಬೇಡ, ದಯವಿಟ್ಟು ಬೇಡ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಡೊಮೈನ್ (ಸೈಟಿನ ವಿಳಾಸ), ಹೋಸ್ಟಿಂಗ್ (ಸೈಟ್ ಇಡುವ ಜಾಗ) ಮಾಲೀಕರ ಹೆಸರಿನಲ್ಲಿದ್ದರೆ, ಅವರ ಒಪ್ಪಿಗೆ ಇಲ್ಲದೆ ಒಳಹೊಕ್ಕು ಸೈಟ್ ನಿಲ್ಲಿಸಿದವರ ಮೇಲೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಸೆಕ್ಷನ್ ಅಡಿ ಕೇಸ್ ಆಗಬಹುದು. ದುಡ್ಡು ಬರಬೇಕಾದವರು ನೀವು, ಠಾಣೆ ಹತ್ತುವವರೂ ನೀವೇ ಆಗುವುದು ಬೇಡ.

ಮಾಲೀಕರ ವಾಟ್ಸಾಪ್ ಮೆಸೇಜನ್ನೂ ನೀವು ಕಳಿಸಿದ್ದೀರಿ: 'ಒಂದು ಬಟನ್ ಹಾಕೋದು ತಾನೇ, ಅಷ್ಟೇ ಅಲ್ವಾ?' ಅವರಿಗೆ ಕಾಣುವುದು ಆ ಬಟನ್ ಮಾತ್ರ. ಅದರ ಹಿಂದೆ ಗಿರಾಕಿಗಳ ಹಣ ಆನ್‌ಲೈನ್‌ನಲ್ಲಿ ಪಡೆಯುವ ಪೇಮೆಂಟ್ ಗೇಟ್‌ವೇ ಖಾತೆ, ಕೆವೈಸಿ, ರಿಫಂಡ್ ನಿಯಮದ ಪುಟ, ಒಂದೊಂದು ಸೀರೆಯ ಫೋಟೊ, ಬೆಲೆ, ಸ್ಟಾಕ್, ಕೊರಿಯರ್ ದರ ಎಲ್ಲ ಇವೆ. ಅವರು ಮೋಸ ಮಾಡುತ್ತಿದ್ದಾರೆ ಅಂತ ನನಗೆ ಅನ್ನಿಸುವುದಿಲ್ಲ, ಗೊತ್ತಿಲ್ಲ ಅಷ್ಟೇ. ಗಿರಾಕಿಗಳು ಕಡಿಮೆ ಇರುವ ಹೊತ್ತು ನೋಡಿ ಅಂಗಡಿಗೇ ಹೋಗಿ. ಕೂತು ಬಿಡಿಸಿ ಹೇಳಿ. ಐದು ಪುಟದ ಬಿಲ್ ಒಂದು ಹಾಳೆಯಲ್ಲಿ, ಮಾರಾಟದ ಕೆಲಸದ ಕೊಟೇಶನ್ ಇನ್ನೊಂದರಲ್ಲಿ ಇರಲಿ. ಹಳೆಯದು ಚುಕ್ತಾ ಆದ ಮೇಲೆಯೇ ಹೊಸದು.

ಆಗಲೂ ಕೊಡದಿದ್ದರೆ ಗಡುವು ಹಾಕಿ ಇಮೇಲ್ ಮಾಡಿ, ಆಮೇಲೆ ವಕೀಲರ ನೋಟಿಸ್. ವಾಟ್ಸಾಪ್ ಮಾತುಕತೆ ಅಳಿಸಬೇಡಿ. ಕರಾರು ಪತ್ರ ಇಲ್ಲದ ನಿಮಗೆ ಅದೇ ಸಾಕ್ಷಿ.

ಸಣ್ಣ ಉದ್ಯಮಗಳಿಗಾಗಿ ಇರುವ ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿದ್ದೀರಾ? ಶುಲ್ಕವಿಲ್ಲ, ತಡ ಮಾಡಬೇಡಿ. ನಿಮ್ಮಂಥ ಕಿರು ಉದ್ಯಮಕ್ಕೆ ಕರಾರು ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು ಅನ್ನುತ್ತದೆ 2006ರ ಎಂಎಸ್ಎಂಇ (ಕಿರು, ಸಣ್ಣ, ಮಧ್ಯಮ ಉದ್ಯಮ) ಕಾಯ್ದೆ. ತಡವಾದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನೋಂದಣಿ ಈಗ ಮಾಡಿಸುವುದಾದರೆ, ಮೊದಲೇ ಮುಗಿದ ಈ ಕೆಲಸದ ಬಾಕಿಗೆ ಇದನ್ನು ನೆಚ್ಚಿಕೊಳ್ಳಬೇಡಿ, ಮುಂದಿನ ಕೆಲಸಗಳಿಗೆ ಆಸರೆಯಾಗುತ್ತದೆ.

ಗುರುತಿನವರ ಹತ್ತಿರ ಕಾಗದಕ್ಕೆ ಸಹಿ ಕೇಳಲು ನಮ್ಮವರಿಗೆ ಸಂಕೋಚ ಜಾಸ್ತಿ. ಆದರೂ ಕೇಳಿ. ಎಷ್ಟು ಪುಟ, ಎಷ್ಟು ಸಲ ತಿದ್ದುಪಡಿ, ಫೋಟೊ ಕೊಡುವವರು ಯಾರು ಅನ್ನುವುದೆಲ್ಲ ಅದರಲ್ಲಿರಲಿ. ಅರ್ಧ ಅಡ್ವಾನ್ಸ್ ಬಂದ ಮೇಲೆಯೇ ಕೆಲಸ ಶುರು ಮಾಡಿ. ಉಳಿದದ್ದು ಬರುವವರೆಗೆ ಸೈಟ್ ಪರೀಕ್ಷೆಗಷ್ಟೇ ಇರುವ ನಿಮ್ಮ ಟೆಸ್ಟ್ ಲಿಂಕ್‌ನಲ್ಲೇ ಇರಲಿ.