ಆಗಸ್ಟ್ ರಜೆಯಲ್ಲಿ ಗುಲಾಬಿ ನೋಡಲು ಇಂಗ್ಲೆಂಡಿನ ಯಾವ ತೋಟ ಒಳ್ಳೆಯದು, ಮಾಟಿಸ್‌ಫಾಂಟೋ ಸಿಸಿಂಗ್‌ಹರ್ಸ್ಟೋ?

ಎರಡೂ ಬೇಡ. ಪ್ರಶ್ನೆಯಲ್ಲಿ ಆಗಸ್ಟ್ ಅಂತ ನೋಡಿದ ಕೂಡಲೇ ಹೊಟ್ಟೆ ಚುರ್ ಅಂತು. ಅಮ್ಮ ಇಂಗ್ಲೆಂಡಿಗೆ ಬಂದಿದ್ದ ವರ್ಷ ನಾನೂ ಇದೇ ಲೆಕ್ಕ ಹಾಕಿದ್ದೆ: ಮಕ್ಕಳಿಗೆ ರಜೆ, ಬಿಸಿಲಿರುತ್ತೆ, ಬಿಸಿಲಿದ್ದ ಮೇಲೆ ಹೂ ಇರದೆ ಎಲ್ಲಿ ಹೋಗುತ್ತೆ?

ಹ್ಯಾಂಪ್‌ಶೈರ್‌ನ ಮಾಟಿಸ್‌ಫಾಂಟ್‌ಗೆ ಹೋದೆವು. 1201ರಲ್ಲಿ ಮಠವಾಗಿ ಶುರುವಾದ ಜಾಗ. ಅಲ್ಲಿನ ಹಳೇ ತರಕಾರಿ ತೋಟದ ಇಟ್ಟಿಗೆ ಗೋಡೆಗಳ ನಡುವೆ ಗುಲಾಬಿ ತಜ್ಞ ಗ್ರಹಾಂ ಸ್ಟುವರ್ಟ್ ಥಾಮಸ್ 1970ರ ದಶಕದಲ್ಲಿ ಹಳೆಯ ತಳಿಯ ಗುಲಾಬಿಗಳನ್ನು ನೆಡಿಸಿದ್ದರು. ಕಾರಿನಲ್ಲಿ ದಾರಿಯುದ್ದಕ್ಕೂ ಅಮ್ಮನಿಗೆ ಇದನ್ನೇ ಕೊರೆದಿದ್ದೆ. ಒಳಗೆ ಕಾಲಿಟ್ಟರೆ ಎಲೆ, ಮುಳ್ಳು, ಮತ್ತೆ ಎಲೆ. ಅಲ್ಲಲ್ಲಿ ಬೇರೆ ಗಿಡಗಳು ಹೂ ಬಿಟ್ಟಿದ್ದವು, ಅದನ್ನು ನೋಡೋ ಮನಸ್ಸು ಯಾರಿಗಿತ್ತು? ಒಂದು ರೆಂಬೆಯಲ್ಲಿ ಗೋಲಿ ಗಾತ್ರದ ಕಾಯಿ, ಅದರ ತುದಿಗೆ ಒಣಗಿದ ಜುಟ್ಟು. ಅಮ್ಮ ಗಿಡದ ಬುಡದಲ್ಲಿದ್ದ ಹೆಸರುಪಟ್ಟಿ ನೋಡಿ ಕೇಳಿದರು: "ಹೂವಿನ ಹೆಸರು ಓದೋಕೆ ಇಷ್ಟು ದೂರ ಕರ್ಕೊಂಡ್ ಬಂದ್ಯಾ?"

ನಾನು ಮಾಡಿದ ತಪ್ಪು ಒಂದೇ. ಗುಲಾಬಿ ಅಂದ್ರೆ ಗುಲಾಬಿ ಅಂದುಕೊಂಡಿದ್ದು. ಕುಂಡದಲ್ಲಿ ಬೆಳೆಸುವ ಗುಲಾಬಿ ತಿಂಗಳುಗಟ್ಟಲೆ ಬಿಡ್ತಾನೇ ಇರುತ್ತೆ, ಅದನ್ನೇ ತಲೆಯಲ್ಲಿಟ್ಟುಕೊಂಡಿದ್ದೆ. ಆ ಗುಣ ಮುಖ್ಯವಾಗಿ ಬಂದದ್ದು ಚೀನಾದ ತಳಿಗಳಿಂದ. ಅವು ಯುರೋಪಿಗೆ ಹರಡಿದ್ದು 18ನೇ ಶತಮಾನದ ಕೊನೆಗೆ. ಅದಕ್ಕೂ ಹಳೆಯ ಗ್ಯಾಲಿಕಾ, ಆಲ್ಬಾ, ಬಹುತೇಕ ಡಮಾಸ್ಕ್ ಗುಲಾಬಿಗಳು ಹಿಂದಿನ ವರ್ಷ ಬೆಳೆದ ರೆಂಬೆಯಲ್ಲಿ ವರ್ಷಕ್ಕೆ ಒಂದೇ ಸಲ ಬಿಡುತ್ತವೆ. ಜೂನ್‌ನಲ್ಲಿ ಭರ್ತಿ, ಜುಲೈ ಹೊತ್ತಿಗೆ ಖಾಲಿ. ನೀವು ಎಷ್ಟೇ ದುಡ್ಡು ಕೊಟ್ಟು ಟಿಕೆಟ್ ತಗೊಂಡರೂ ಅವು ಎರಡನೇ ಸಲ ಅರಳಲ್ಲ. ನಾನು ನೋಡಿ ಮರುಳಾದ ಫೋಟೋದಲ್ಲಿ ತಾರೀಕು ಇರಲಿಲ್ಲ, ನಾನೂ ಹುಡುಕಲಿಲ್ಲ.

ಸಿಸಿಂಗ್‌ಹರ್ಸ್ಟ್‌ನದೂ ಇದೇ ಕತೆ. ಆ ತೋಟ ಬೆಳೆಸಿದ ಲೇಖಕಿ ವೀಟಾ ಸ್ಯಾಕ್‌ವಿಲ್-ವೆಸ್ಟ್‌ಗೆ ಹಳೇ ಗುಲಾಬಿಗಳ ಹುಚ್ಚು. ಅಲ್ಲಿನ ಬಿಳಿ ಹೂಗಳ ತೋಟದ ನಡುವಿನ ಚಪ್ಪರದ ಬಳ್ಳಿ ಗುಲಾಬಿಯೂ ಜುಲೈನಲ್ಲೇ ಅರಳಿ ಮುಗಿಯುತ್ತೆ. (1938ರಲ್ಲಿ ಜನರಿಗೆ ತೆರೆದಾಗ ಪ್ರವೇಶ ಒಂದು ಶಿಲ್ಲಿಂಗ್. ಬಂದವರನ್ನು ಆಕೆ ಕರೆಯುತ್ತಿದ್ದದ್ದೂ ಶಿಲ್ಲಿಂಗ್‌ಗಳು ಅಂತಲೇ!)

ಅದಕ್ಕೇ ಹೇಳ್ತಿದೀನಿ, ಯಾವ ತೋಟ ಅನ್ನೋದನ್ನು ಆಮೇಲೆ ನೋಡಿಕೊಳ್ಳಿ, ಮೊದಲು ಹೂ ಯಾವುದು ಅಂತ ತೀರ್ಮಾನಿಸಿ. ಗುಲಾಬಿಯೇ ಬೇಕಾದರೆ ರಜೆ ಯಾಕೆ ಬೇಕು? ಜೂನ್‌ನ ಒಂದು ಶನಿವಾರ ಸಾಕು. ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಚಳಿ ಮಳೆ ನೋಡಿಕೊಂಡು ಒಂದೆರಡು ವಾರ ಹಿಂದೆ ಮುಂದೆ ಆಗುತ್ತೆ, ಹಾಗಾಗಿ ಅದೇ ವಾರ ಹೋಗಿಬಂದವರು ಹಾಕಿದ ಫೋಟೋ ನೋಡಿ ಹೊರಡಿ. ಆಗಸ್ಟ್ ಬಿಟ್ಟು ಬೇರೆ ದಾರಿಯೇ ಇಲ್ಲ ಅಂದ್ರೆ ಡೇಲಿಯಾ ನೋಡೋಕೆ ಹೋಗಿ, ಗುಲಾಬಿ ಹೆಸರೆತ್ತಬೇಡಿ.

ಮರುವರ್ಷ ಜೂನ್‌ನಲ್ಲಿ ಅದೇ ಮಾಟಿಸ್‌ಫಾಂಟ್‌ಗೆ ನಾನೊಬ್ಬನೇ ಹೋಗಿದ್ದೆ. ಗೋಡೆ ತುಂಬ ಹೂ. ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಒಂದೊಂದೇ ಗಿಡ ತೋರಿಸಿದೆ. ಸುಮ್ಮನೆ ನೋಡಿದರು, ಕೊನೆಗೆ, "ವಾಸನೆ ಹೇಗಿದೆ?" ಅಂದರು.