ಬತ್ತಲೆ ಸೈಕಲ್ಲೂ ಪೊಲೀಸರ ಕಾವಲೂ

ಓದುಗರ ಪತ್ರ: ಮಗನ ಮನೆಗೆಂದು ಲಂಡನ್ನಿಗೆ ಹೋಗಿದ್ದೆವು. ಜೂನ್ ತಿಂಗಳ ಒಂದು ಶನಿವಾರ ನೂರಾರು ಜನ ಮೈಮೇಲೆ ನೂಲೂ ಇಲ್ಲದೆ ಸೈಕಲ್ ತುಳಿಯುತ್ತಾ ಬಂದರು. ನಮ್ಮ ಮನೆಯವರು ಕೊಡೆ ಅಡ್ಡ ಹಿಡಿದರು. ಪೊಲೀಸರು ಹಿಡಿಯುವುದು ಬಿಟ್ಟು ಅವರಿಗೇ ದಾರಿ ಬಿಡಿಸುತ್ತಿದ್ದರು! ಅಲ್ಲಿ ಕಾನೂನೇ ಇಲ್ಲವೇ? ನಮ್ಮಲ್ಲಾದರೆ ಏನಾಗುತ್ತಿತ್ತು? ನಾನು ತೆಗೆದ ಫೋಟೊ ನಮ್ಮ ವಾಕಿಂಗ್ ಗ್ರೂಪಿಗೆ ಹಾಕಬಹುದೇ?
– ನಿವೃತ್ತ ಮಾಸ್ತರರು, ಧಾರವಾಡ

ಸಂಪಾದಕರ ಉತ್ತರ:

ಮಾಸ್ತರರೇ, ಕೊಡೆಯ ಸಾಲು ಓದಿ ಆಫೀಸಿನಲ್ಲಿ ಎಲ್ಲರೂ ನಕ್ಕೆವು. ಅಮ್ಮನವರು ಬೇಜಾರು ಮಾಡಿಕೊಳ್ಳಬಾರದು.

ನೀವು ನೋಡಿದ್ದು 2004ರಿಂದ ನಡೆಯುತ್ತಿರುವ ಬತ್ತಲೆ ಸೈಕಲ್ ಸವಾರಿ. ಊರೆಲ್ಲಾ ಕಾರಿನ ಹೊಗೆ, ಸೈಕಲ್‌ನವರ ಜೀವಕ್ಕೆ ಬೆಲೆಯಿಲ್ಲ ಅನ್ನುವುದು ಅವರ ತಕರಾರು. ಬಟ್ಟೆಯಿಲ್ಲದೆ ಇರುವುದೇ ಹಿತ ಅನ್ನುವ ನೇಚರಿಸ್ಟ್‌ಗಳೂ ಜೊತೆಗೆ ಸೇರಿಕೊಳ್ಳುತ್ತಾರೆ.

ಕಾನೂನು ಇದೆ, ಆದರೆ ಅದು ಬಟ್ಟೆಯ ಲೆಕ್ಕ ಕೇಳುವುದಿಲ್ಲ. ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಸುಮ್ನೆ ಬತ್ತಲೆ ಇದ್ದ ಮಾತ್ರಕ್ಕೆ ಅಪರಾಧವಾಗುವುದಿಲ್ಲ. 2003ರ ಲೈಂಗಿಕ ಅಪರಾಧಗಳ ಕಾಯ್ದೆಯ 66ನೇ ಸೆಕ್ಷನ್ ಕೇಳುವುದು ಮನಸ್ಸಿನಲ್ಲಿ ಏನಿತ್ತು ಅಂತ. ನೋಡಿದವರು ಬೆಚ್ಚಲಿ, ಸಂಕಟಪಡಲಿ ಎಂದೇ ಗುಪ್ತಾಂಗ ತೋರಿಸಿದ್ದರೆ 2 ವರ್ಷದವರೆಗೆ ಜೈಲು. ಪಾರ್ಕಿನ ಮೂಲೆಯಲ್ಲಿ ಹುಡುಗಿಯರಿಗಾಗಿ ಕಾದು ನಿಲ್ಲುವವನು ಇದರಲ್ಲಿ ಸಿಕ್ಕಿಬೀಳುತ್ತಾನೆ. ಬ್ರೈಟನ್ ಬೀಚಿನಲ್ಲಿ ಬಿಸಿಲಿಗೆ ಮೈಯೊಡ್ಡಿ ಪೇಪರ್ ಓದುವ ಅಜ್ಜ ಸಿಗುವುದಿಲ್ಲ. ಅಲ್ಲಿ 1980ರಲ್ಲೇ ಅಂಥವರಿಗೆ ಒಂದು ಜಾಗ ಬಿಟ್ಟುಕೊಟ್ಟಿದ್ದಾರೆ.

ಹಾಗಂತ ಎಲ್ಲೆಂದರಲ್ಲಿ ನಡೆಯುತ್ತದೆ ಅಂದುಕೊಳ್ಳಬೇಡಿ. ಸ್ಟೀಫನ್ ಗಾಫ್ ಎಂಬ ಮಾಜಿ ನೌಕಾ ಯೋಧನ ಕಥೆ ಕೇಳಿ. 2003ರಲ್ಲಿ ಈ ಮನುಷ್ಯ ಇಂಗ್ಲೆಂಡಿನ ಲ್ಯಾಂಡ್ಸ್ ಎಂಡ್‌ನಿಂದ ಸ್ಕಾಟ್ಲೆಂಡಿನ ಜಾನ್ ಓ ಗ್ರೋಟ್ಸ್‌ಗೆ ನಡೆದೇ ಹೊರಟರು. ಕಾಲಿಗೆ ಬೂಟು, ಸಾಕ್ಸು, ಬೆನ್ನಿಗೊಂದು ಚೀಲ, ಅಷ್ಟೇ. ಸ್ಕಾಟ್ಲೆಂಡಿನ ಕಾನೂನು ಬೇರೆ. ಅಲ್ಲಿ ಶಾಂತಿಭಂಗ ಅಂತ ಮತ್ತೆ ಮತ್ತೆ ಹಿಡಿದರು. 2006ರಲ್ಲಿ ಎಡಿನ್‌ಬರೋಗೆ ಹೋಗುವ ವಿಮಾನದ ಟಾಯ್ಲೆಟ್ಟಿಗೆ ಹೋದವರು ಬಟ್ಟೆ ಬಿಚ್ಚಿಕೊಂಡೇ ಹೊರಗೆ ಬಂದರು. ಕೋರ್ಟಿಗೂ ಬತ್ತಲೆಯೇ. ಶಿಕ್ಷೆ ಮುಗಿಸಿ ಜೈಲಿನ ಗೇಟು ದಾಟುತ್ತಿದ್ದಂತೆ ಮತ್ತೆ ಅರೆಸ್ಟ್! ಹೀಗೇ ಏಳು ವರ್ಷಕ್ಕಿಂತ ಜಾಸ್ತಿ ಒಳಗೇ ಕಳೆದರು. ಕಡೆಗೆ ಇಂಗ್ಲೆಂಡಿನಲ್ಲೂ ಅವರೊಬ್ಬರಿಗಾಗಿಯೇ ಕೋರ್ಟ್ ಆದೇಶ ಬಂತು, ಬತ್ತಲೆ ಓಡಾಡಬಾರದು ಅಂತ.

ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೂ ಹೋದರು. 2014ರ ತೀರ್ಪು ನನಗೆ ಸ್ವಲ್ಪ ಕಹಿ ಅನಿಸುತ್ತದೆ. ಬತ್ತಲಾಗುವುದೂ ಅಭಿಪ್ರಾಯ ಹೇಳುವ ಒಂದು ಬಗೆ ಅಂತ ಒಪ್ಪಿಕೊಂಡಿತು. ಆದರೆ ಅದೇ ಮಾತು ಹೇಳಲು ಬೇರೆ ದಾರಿಗಳಿದ್ದವಲ್ಲ ಅಂತ ಅವರನ್ನು ಸೋಲಿಸಿತು. ಯಾರಿಗೂ ಕೈ ಎತ್ತದವನಿಗೆ ಏಳು ವರ್ಷ ಜಾಸ್ತಿ ಆಗಲಿಲ್ಲವೇ?

ಇನ್ನು ನಮ್ಮಲ್ಲಿ. ಭಾರತೀಯ ನ್ಯಾಯ ಸಂಹಿತೆಯ 296ನೇ ಸೆಕ್ಷನ್ನಿನಲ್ಲೂ 'ಬತ್ತಲೆ' ಎಂಬ ಮಾತಿಲ್ಲ. ಬೇರೆಯವರಿಗೆ ಕಿರಿಕಿರಿಯಾಗುವಂತೆ ಸಾರ್ವಜನಿಕ ಜಾಗದಲ್ಲಿ 'ಅಶ್ಲೀಲ ಕೃತ್ಯ' ಮಾಡಿದರೆ 3 ತಿಂಗಳವರೆಗೆ ಜೈಲು, 1,000 ರೂಪಾಯಿವರೆಗೆ ದಂಡ. ಶ್ರವಣಬೆಳಗೊಳದ ರಸ್ತೆಯಲ್ಲಿ ದಿಗಂಬರ ಮುನಿಗಳು ನಡೆದರೆ ನಾವು ಕೈ ಮುಗಿಯುತ್ತೇವೆ. ಅದೇ ಒಬ್ಬ ಪ್ರವಾಸಿ ಗೋಕರ್ಣದ ಬೀಚಿನಲ್ಲಿ ಹಾಗೆ ನಡೆದರೆ ಪೊಲೀಸರಿಗೆ ಫೋನ್ ಹೋಗುತ್ತದೆ. ಚಂದ್ರಗುತ್ತಿಯ ರೇಣುಕಾಂಬ ಜಾತ್ರೆಯಲ್ಲಿ ಹಿಂದೆ ನಡೆಯುತ್ತಿದ್ದ ಬತ್ತಲೆ ಸೇವೆಯನ್ನು ಮಾತ್ರ ಈ ಸಾಲಿಗೆ ಸೇರಿಸಲಾರೆ. ಬಡ ಹೆಣ್ಣುಮಕ್ಕಳು ಹರಕೆಯ ಭಯಕ್ಕೆ ಬಟ್ಟೆ ಬಿಡುತ್ತಿದ್ದುದನ್ನು ಹಕ್ಕು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಫೋಟೊ ವಿಷಯ. 2020ರಲ್ಲಿ ನಟ ಮಿಲಿಂದ್ ಸೋಮನ್ ಗೋವಾ ಬೀಚಿನಲ್ಲಿ ಬತ್ತಲೆ ಓಡಿದ ಫೋಟೊ ಆನ್‌ಲೈನ್‌ಗೆ ಹಾಕಿದ ಮೇಲೆ ಪೊಲೀಸ್ ಕೇಸಾಯಿತು. ಅಶ್ಲೀಲವಾದದ್ದನ್ನು ಆನ್‌ಲೈನ್‌ನಲ್ಲಿ ಹಾಕುವುದೇ ತಪ್ಪು ಅನ್ನುವ ಐಟಿ ಕಾಯ್ದೆಯ 67ನೇ ಸೆಕ್ಷನ್ನೂ ಅದರಲ್ಲಿತ್ತು. ಬತ್ತಲೆ ಚಿತ್ರವೆಲ್ಲ ಅಶ್ಲೀಲವಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದೆ, ನಿಜ. ಟೆನಿಸ್ ಆಟಗಾರ ಬೋರಿಸ್ ಬೆಕರ್ ತನ್ನ ಗೆಳತಿಯ ಜೊತೆ ತೆಗೆಸಿಕೊಂಡ ಫೋಟೊದ ಕೇಸು ಅದು. ಅಚ್ಚು ಹಾಕಿ ಸಿಕ್ಕಿಕೊಂಡವರು ನಮ್ಮಂಥ ಪತ್ರಿಕೆಯವರೇ, ಅದಕ್ಕೇ ನೆನಪು ಗಟ್ಟಿಯಾಗಿದೆ. ಅವರು ಗೆದ್ದರು. 1993ರಲ್ಲಿ ಅಚ್ಚಾದ ಫೋಟೊಗೆ ತೀರ್ಪು ಬಂದಿದ್ದು 2014ರಲ್ಲಿ.

ನಿಮ್ಮ ಫೋಟೊ ಫೋನಿನಲ್ಲೇ ಇರಲಿ, ಮಾಸ್ತರರೇ.